ಮೇಟ್ರನ್ ನುಡಿದ ಸಾಕ್ಷಿ

ಮಾನವ ಸಮಾಜವು ಪರಸ್ಪರ ನಂಬಿಕೆಯೆಂಬ ಅಡಿಗಲ್ಲಿನ ಮೇಲೆ ನಿಂತಿದೆ. ಈ ಮಾತನ್ನು ಮೊದಲು ಹೇಳಿದ ಮಹನೀಯರ ಬಳಿ ಮೊಬೈಲ್ ಫೋನ್ ಇರಲಿಲ್ಲವೆಂದು ಕಾಣುತ್ತದೆ. ನಮ್ಮ ವಯನಾಡಿನಲ್ಲಿ ಈಚೆಗೆ ಸಮಾಜ ನಿಂತಿರುವುದು ಗೊತ್ತಿಲ್ಲದ ನಂಬರಿನ ಫೋನ್ ಎತ್ತದಿರುವುದರ ಮೇಲೆ. ಬ್ಯಾಂಕಿನವರು ಎಂದವರು ಬ್ಯಾಂಕಿನವರಲ್ಲ. ಪೊಲೀಸರು ಎಂದವರು ಪೊಲೀಸರಲ್ಲ. ನಿಮ್ಮ ಹೆಸರಿಗೆ ಪಾರ್ಸೆಲ್ ಬಂದಿದೆ ಎಂದರೆ ಪಾರ್ಸೆಲ್ ಇರುವುದಿಲ್ಲ. ಇನ್ನು ‘ಫಾರಿನ್ ಜಾಬ್’ ಎಂದರಂತೂ ಮನೆಯ ನಾಯಿ ಕೂಡ ಎದ್ದು ನಿಂತು ಗುರ್ ಎನ್ನುವ ಕಾಲ.

ಇಂಥ ಸುಮುಹೂರ್ತದಲ್ಲಿ ನಾನು ವಿದೇಶದಲ್ಲಿ ಕೆಲಸ ಹುಡುಕಿದೆ.

ನಮ್ಮದು ತೃಶ್ಶಿಲೇರಿ. ಹಿಂದಿನವರು ಮೈಸೂರು ಸೀಮೆಯಿಂದ ಬಂದವರಾದ್ದರಿಂದ ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮಲಯಾಳಂ. ನರ್ಸಿಂಗ್ ಓದಿ, ನಮ್ಮ ಕಡೆಯ ಒಂದು ಸಣ್ಣ ಖಾಸಗಿ ಆಸ್ಪತ್ರೆಯ ಕ್ಯಾಶುವಾಲಿಟಿಯಲ್ಲಿ, ಅಂದರೆ ತುರ್ತು ವಿಭಾಗದಲ್ಲಿ, ಕೆಲವು ವರ್ಷ ದುಡಿದೆ. ಆಮೇಲೆ ಇಂಗ್ಲೆಂಡಿಗೆ ಹೋಗಿ ಅಲ್ಲಿನ ನೋಂದಣಿ ಪರೀಕ್ಷೆ ಪಾಸು ಮಾಡಿ, ಇನ್ನೂ ಮೇಲೆ ಓದಿ ‘ಎಮರ್ಜೆನ್ಸಿ ನರ್ಸ್ ಪ್ರಾಕ್ಟೀಷನರ್’ ಎಂಬ ಉದ್ದನೆಯ ಬಿರುದಿಗೆ ಅರ್ಹಳಾದೆ. ಬಿರುದು ಬಂದ ಕೂಡಲೇ ಅದರ ಮೇಲೆ ಮೊದಲ ಸಂಶಯ ವ್ಯಕ್ತಪಡಿಸಿದವರು ನನ್ನ ಸೋದರಮಾವ. ಅವರದು ಕಾಟಿಕುಳದಲ್ಲಿ ದಿನಸಿ ಅಂಗಡಿ. ತಾವೇ ತೂಗಿದ ಸಕ್ಕರೆಯನ್ನು ಇನ್ನೊಮ್ಮೆ ತೂಗಿ ನೋಡುವ ಮನುಷ್ಯ.

“ಅದೇನವ್ವ ಅದು, ಪ್ರಾಕ್ಟೀಷನರ್ರು?”

“ತುರ್ತು ವಿಭಾಗದಲ್ಲಿ ರೋಗೀನ ತಾನೇ ನೋಡಿ, ಏನಾಗಿದೆ ಅಂತ ತಾನೇ ತೀರ್ಮಾನ ಮಾಡಿ, ಔಷಧೀನೂ ತಾನೇ ಕೊಡೋ ನರ್ಸು, ಮಾವ.”

“ಡಾಕ್ಟ್ರು ಎಲ್ಲಿಗೋಯ್ತಾರೆ?”

“ಅವ್ರೂ ಅಲ್ಲೇ ಇರ್ತಾರೆ.”

“ಅವ್ರು ಇದ್ಕಂಡೂ ನೀನೇ ಮಾಡದಾ? ಇದ್ರಲ್ಲಿ ಏನೋ ಅದೆ ಕಣವ್ವ. ಅಲ್ದೆ, ಇಷ್ಟು ವರ್ಷ ಕಲ್ತು ಮುಗ್ಸಿದೋಳ್ಗೆ ಇನ್ನೂ ಪ್ರಾಕ್ಟೀಸು ಮಾಡೋಳು ಅಂತಾನೇ ಹೆಸ್ರು ಮಡಗವ್ರಲ್ಲ. ಪೂರಾ ಕಲ್ತಿಲ್ಲ ಅಂತ ಅವ್ರಿಗೇ ಡೌಟಿರ್ಬೇಕು.”

ಈ ವ್ಯುತ್ಪತ್ತಿಯೊಂದಿಗೆ ಮಾವ ಫೋನ್ ಇಟ್ಟರು.

ಓದು ಮುಗಿಸಿದ ಹೊರದೇಶದ ವಿದ್ಯಾರ್ಥಿಗೆ ಅಲ್ಲಿಯ ಸರಕಾರ ಸ್ವಲ್ಪ ಕಾಲ ಉಳಿಯಲು ಅಪ್ಪಣೆ ಕೊಡುತ್ತದೆ. ಅಷ್ಟರೊಳಗೆ ‘ಇವಳು ನಮಗೆ ಬೇಕು’ ಎಂದು ಸ್ಪಾನ್ಸರ್ ಮಾಡುವ ಆಸ್ಪತ್ರೆ ಸಿಕ್ಕರೆ ಉಳಿಯಬಹುದು, ಸಿಗದಿದ್ದರೆ ಪೆಟ್ಟಿಗೆ ಕಟ್ಟಬೇಕು. ನನ್ನ ಕಾಲ ಮುಗಿಯುತ್ತ ಬಂದಿತ್ತು. ಹೆಣ್ಣು ನೋಡಲು ಬಂದವರಂತೆ ಎಷ್ಟೋ ಆಸ್ಪತ್ರೆಗಳು ನನ್ನನ್ನು ನೋಡಿದವು. ಎಲ್ಲರೂ ನಗುನಗುತ್ತ ಮಾತಾಡಿದರು, ಊರು ಕೇಳಿದರು, ಅಲ್ಲಿ ಆನೆಗಳಿವೆಯೇ ಎಂದು ಕೇಳಿದರು, ತಿಳಿಸುತ್ತೇವೆ ಎಂದರು. ಸ್ಪಾನ್ಸರ್ ಎಂಬ ಶಬ್ದ ಬಂದೊಡನೆ ಹುಡುಗನ ಕಡೆಯವರಿಗೆ ಜಾತಕ ನೆನಪಾಗುತ್ತಿತ್ತು.

ಕೊನೆಗೆ ಉತ್ತರದ ಕಡೆಯ ಒಂದು ಆಸ್ಪತ್ರೆ ಸ್ವಲ್ಪ ವಾಲಿತು. ಅಲ್ಲಿಯ ತುರ್ತು ವಿಭಾಗದ ಮುಖ್ಯ ನರ್ಸ್, ಬೆಳ್ಳಿಗೂದಲಿನ ಹೆಂಗಸು, ಸಂದರ್ಶನದಲ್ಲಿ ಒಂದೇ ವಿಷಯವನ್ನು ಬೇರೆ ಬೇರೆ ದಿಕ್ಕಿನಿಂದ ಕೆದಕಿದರು. ಯಾರ ಅಪ್ಪಣೆಗೂ ಕಾಯದೆ, ಸ್ವಂತ ಬುದ್ಧಿಯಿಂದ, ಒಂದು ಜೀವದ ವಿಷಯದಲ್ಲಿ ನಾನು ಎಂದಾದರೂ ತೀರ್ಮಾನ ತೆಗೆದುಕೊಂಡಿದ್ದೇನೆಯೇ? ಊರಿನ ಕ್ಯಾಶುವಾಲಿಟಿಯಲ್ಲಿ ತೆಗೆದುಕೊಂಡಿದ್ದೇನೆ ಎಂದೆ. ಅವರು ತಲೆಯಾಡಿಸಿದರು. ನಂಬಿದ ತಲೆಯಾಡಿಕೆ ಅಲ್ಲ ಅದು. ಹುದ್ದೆ ನಿಮಗೇ, ಆದರೆ ಅಲ್ಲಿ ನಿಮ್ಮ ಮೇಲಿದ್ದವರು ಈ ಮಾತನ್ನು ಹೇಳಬೇಕು ಎಂದರು.

ನನ್ನ ಮೇಲಿದ್ದವರು ನಮ್ಮ ಮೇಟ್ರನ್, ಅಂದರೆ ಆಸ್ಪತ್ರೆಯ ನರ್ಸುಗಳಿಗೆಲ್ಲ ಮುಖ್ಯಸ್ಥೆ.

ಇವರ ಬಗ್ಗೆ ಎರಡು ಮಾತು ಹೇಳಬೇಕು. ಊರು ಪುಲ್ಪಳ್ಳಿ ಕಡೆ, ನರ್ಸಿಂಗ್ ಕಲಿತದ್ದು ಮೈಸೂರಿನಲ್ಲಿ. ಹಾಗಾಗಿ ಕನ್ನಡ ಬರುತ್ತಿತ್ತು. ಆ ಕನ್ನಡವನ್ನು ಅವರು ನನ್ನನ್ನು ಬೈಯಲಿಕ್ಕೆ ಮಾತ್ರ ಬಳಸುತ್ತಿದ್ದರು, ಸುತ್ತಲಿನ ರೋಗಿಗಳಿಗೆ ಅರ್ಥವಾಗದಿರಲಿ ಎಂದು. ಅವರ ಧರ್ಮಶಾಸ್ತ್ರದಲ್ಲಿ ಒಂದೇ ಸೂತ್ರ: ಡಾಕ್ಟರ ಆರ್ಡರ್ ಇಲ್ಲದೆ ನರ್ಸ್ ಏನೂ ಕೊಡಕೂಡದು. ಡಾಕ್ಟರು ಊಟಕ್ಕೆ ಹೋಗಿ, ಅವರ ಫೋನಿಗೆ ಸಿಗ್ನಲ್ ಸಿಗದೆ, ಮುಂದೆ ಮಲಗಿದವನು ನೀಲಿಯಾಗುತ್ತಿದ್ದರೆ? ಆಗ ನರ್ಸ್ ಕೊಡಬೇಕಾದ್ದನ್ನು ಕೊಡಬೇಕು, ಆಮೇಲೆ ‘ಡಾಕ್ಟರು ಫೋನಿನಲ್ಲಿ ಹೇಳಿದರು’ ಎಂದು ಬರೆಯಬೇಕು, ಆಮೇಲೆ ಮೇಟ್ರನ್ ಕೈಯಲ್ಲಿ ಬೈಸಿಕೊಳ್ಳಬೇಕು. ಹೀಗೆ ನಮ್ಮ ಡಾಕ್ಟರು ಸಿಗ್ನಲ್ ಇಲ್ಲದ ಜಾಗಗಳಿಂದ ಫೋನಿನ ಮೂಲಕ ಎಷ್ಟೋ ಜೀವ ಉಳಿಸಿದ ಕೀರ್ತಿಗೆ ಪಾತ್ರರಾಗಿದ್ದರು.

ಇಂಗ್ಲೆಂಡಿನಿಂದ ಮೇಟ್ರನ್‌ಗೆ ಮೇಲ್ ಹೋಯಿತು. ಉತ್ತರವಿಲ್ಲ. ಮತ್ತೊಂದು ಹೋಯಿತು. ಅದಕ್ಕೂ ಇಲ್ಲ. ಕೊನೆಗೆ ಆಸ್ಪತ್ರೆಯ ಫೋನಿಗೇ ಕರೆ ಮಾಡಿ, ಇಂಥವಳು ನಿಮ್ಮಲ್ಲಿ ಕೆಲಸ ಮಾಡುತ್ತಿದ್ದಳೇ ಎಂದು ಕೇಳಿದ್ದಾರೆ. ನಮ್ಮ ಮೇಟ್ರನ್ ಸ್ಪಷ್ಟವಾದ ಇಂಗ್ಲಿಷಿನಲ್ಲಿ, ಅಂಥವಳನ್ನು ನಾನು ಈ ಜನ್ಮದಲ್ಲಿ ಕಂಡಿಲ್ಲ ಎಂದು ಹೇಳಿ ಫೋನ್ ಇಟ್ಟಿದ್ದಾರೆ.

ಅಮ್ಮನ ಕಣ್ಣಿನ ಆಪರೇಷನ್‌ಗೆಂದು ನಾನು ಆಗ ಊರಿಗೆ ಬಂದಿದ್ದೆ. ಬೆಳ್ಳಿಗೂದಲಿನವರ ಮೇಲ್ ಅಲ್ಲಿಗೇ ಬಂತು. ಬಹಳ ಮರ್ಯಾದೆಯ ಮೇಲ್. ನಿಮ್ಮ ಹಿಂದಿನ ಮೇಲಧಿಕಾರಿಗೆ ನಿಮ್ಮ ಪರಿಚಯವಿಲ್ಲವಂತೆ, ದಯವಿಟ್ಟು ಇದನ್ನು ವಿವರಿಸುವಿರಾ, ಈ ವಾರದೊಳಗೆ ಬಗೆಹರಿಯದಿದ್ದರೆ ಬೇರೆಯವರನ್ನು ನೋಡಬೇಕಾಗುತ್ತದೆ. ಇಂಗ್ಲಿಷರು ‘ದಯವಿಟ್ಟು’ ಎಂದಾಗ ಹೆದರಬೇಕೆಂಬುದನ್ನು ನಾನು ಅಷ್ಟರಲ್ಲಿ ಕಲಿತಿದ್ದೆ.

ಮೇಟ್ರನ್‌ಗೆ ಫೋನ್ ಮಾಡಿದೆ. ನನ್ನ ನಂಬರು ಇನ್ನೂ ಇಂಗ್ಲೆಂಡಿನದೇ. ಎತ್ತಲಿಲ್ಲ. ಮತ್ತೆ ಮಾಡಿದೆ. ಬ್ಲಾಕ್ ಮಾಡಿದರು.

ಮರುದಿನ ಮಾವನ ಜೊತೆ ಆಸ್ಪತ್ರೆಗೆ ಹೊರಟೆ. ಮಾವನನ್ನು ನಾನು ಕರೆದಿರಲಿಲ್ಲ. “ಒಬ್ಳೇ ಓಗ್ಬೇಡ. ಆ ಇಂಗ್ಲೆಂಡ್ನೋರು ಯಾರೋ, ಈ ಮೇಟ್ರನ್ನು ಯಾರೋ,” ಎಂದು ಅಂಗಡಿಗೆ ಬಾಗಿಲು ಹಾಕಿ ಬಂದುಬಿಟ್ಟರು. ಬಸ್ಸಿನಲ್ಲಿ ತಮ್ಮ ಸಿದ್ಧಾಂತವನ್ನು ಮಂಡಿಸಿದರು. ಕೆಲಸ ಕೊಡುವವರು ನಮ್ಮನ್ನು ಹುಡುಕಿಕೊಂಡು ಫೋನ್ ಮಾಡುವುದುಂಟೇ? ನಾವಲ್ಲವೇ ಅವರ ಬಾಗಿಲು ಕಾಯಬೇಕು? ಅವರೇ ಹಿಂದೆ ಬಿದ್ದಿದ್ದಾರೆಂದರೆ ಆ ಆಸ್ಪತ್ರೆಯಲ್ಲೇ ಏನೋ ಐಬಿದೆ. ಮಾನಂದವಾಡಿ ಬರುವಷ್ಟರಲ್ಲಿ ನನಗೂ ಅದು ಹೌದೆನಿಸತೊಡಗಿತ್ತು. ಸಂಶಯ ಆಕಳಿಕೆಯ ಹಾಗೆ. ಪಕ್ಕದಲ್ಲಿ ಕೂತವರು ತೆಗೆದರೆ ನಮಗೂ ಬರುತ್ತದೆ.

ಮೇಟ್ರನ್ ತಮ್ಮ ಕೋಣೆಯಲ್ಲಿ ಕನ್ನಡಕ ಮೂಗಿನ ತುದಿಗೆ ಇಳಿಸಿ ಕೂತಿದ್ದರು. ನನ್ನನ್ನು ಕಂಡು ಮುಖ ಅರಳಿತು. ನನ್ನ ಹಿಂದೆ ನಿಂತ ಮಾವನನ್ನು ಕಂಡು ಹಾಗೇ ಮುಚ್ಚಿತು.

“ಮೋಳೇ,” ಎಂದು ಮಲಯಾಳಂನಲ್ಲಿ ಮಗಳೆಂದು ಕರೆದು, ಮುಂದಿನದನ್ನು ಕನ್ನಡದಲ್ಲಿ, ಸಣ್ಣ ದನಿಯಲ್ಲಿ ಕೇಳಿದರು, “ಹಿಂದೆ ನಿಂತಿರೋದು ಯಾರು? ಹೆದ್ರಬೇಡ, ಹೇಳು. ನಿನ್ನ ಹಿಡ್ಕೊಂಡು ಬಂದಿದ್ದಾರಾ?”

“ಅಯ್ಯೋ ಚೇಚೀ,” ಎಂದೆ, ಅಕ್ಕನೆಂದೇ ಅವರನ್ನು ಕರೆಯುವುದು ನಮ್ಮ ರೂಢಿ, “ಅವ್ರು ನನ್ನ ಮಾವ!”

“ಮಾವ ಅಂತ ಅವರು ಹೇಳಿದ್ರಾ, ನಿನಗೇ ಗೊತ್ತಾ?”

ಮಾವನಿಗೆ ಕನ್ನಡ ಅರ್ಥವಾಗದು ಎಂದು ಅವರು ಭಾವಿಸಿದ್ದು ತಪ್ಪಾಯಿತು. ಮಾವ ಮುಂದೆ ಬಂದರು. “ಏನಮ್ಮಾ, ಇವ್ಳು ಉಟ್ಟಿದ ದಿವ್ಸ ನಾನೇ ಎತ್ಕಂಡಿವ್ನಿ. ನೀವು ಯಾರು ಅಂತ ನಂಗೆ ಗೊತ್ತಿಲ್ಲ. ನೀವೇ ಮೇಟ್ರನ್ನು ಅನ್ನೋದ್ಕೆ ಏನು ಗ್ಯಾರಂಟಿ?”

ಮೇಟ್ರನ್ ಎದೆಯ ಮೇಲಿದ್ದ ಹೆಸರಿನ ಪಟ್ಟಿಯನ್ನು ಮುಂದೆ ಹಿಡಿದರು. ಮಾವ ಬಗ್ಗಿ ಓದಿ, ಮುಖವನ್ನೂ ಫೋಟೋವನ್ನೂ ಹೋಲಿಸಿದರು. ಬಳಿಕ ಮಾವ ಜೇಬಿನಿಂದ ಆಧಾರ್ ತೆಗೆದುಕೊಟ್ಟರು. ಮೇಟ್ರನ್ ಅದನ್ನು ಬೆಳಕಿಗೆ ಹಿಡಿದು ನೋಡಿದರು. ಇಬ್ಬರೂ ಕೂತರು. ಆ ಕ್ಷಣದಿಂದ ಅವರಿಬ್ಬರ ನಡುವೆ ನನಗೆಂದೂ ದೊರೆಯದ ಒಂದು ಗೌರವ ಏರ್ಪಟ್ಟಿತು.

“ನಿನ್ನ ಬಗ್ಗೆ ಕೇಳಿ ಫೋನ್ ಬಂತು,” ಎಂದರು ಮೇಟ್ರನ್. “ಎಲ್ಲಿ ಕೆಲಸ, ಎಷ್ಟು ವರ್ಷ, ಹೆಂಗೆ ಹುಡುಗಿ, ಎಲ್ಲಾ. ನಂಗೆ ಗೊತ್ತಾಗೋಯ್ತು, ಯಾರೋ ನಿನಗೆ ಗಾಳ ಹಾಕ್ತಾ ಇದ್ದಾರೆ ಅಂತ. ಈ ಹುಡುಗೀನೇ ಗೊತ್ತಿಲ್ಲ ಅಂದ್ಬಿಟ್ಟೆ. ನಿನ್ನ ಉಳಿಸಿದೆ, ಕೇಟ್ಟೋ, ತಿಳೀತಾ?”

“ಬೋ ಒಳ್ಳೇ ಕೆಲ್ಸ ಮಾಡಿದ್ರಿ,” ಎಂದರು ಮಾವ.

ಆ ಉಪಕಾರದಿಂದ ನಾನು ಹೇಗೆ ಮುಳುಗಿದ್ದೇನೆ ಎಂಬುದನ್ನು ಇಬ್ಬರಿಗೂ ಬಿಡಿಸಿ ಹೇಳಿದೆ. ಕರೆ ಮಾಡಿದವರು ನಿಜವಾದ ಆಸ್ಪತ್ರೆಯವರು. ಈ ಕೆಲಸ ತಪ್ಪಿದರೆ ಅಲ್ಲಿ ಉಳಿಯಲು ಬೇರೆ ದಾರಿಯಿಲ್ಲ, ಮತ್ತು ಇಲ್ಲಿ ಈ ಓದಿಗೆ ತಕ್ಕ ಹುದ್ದೆಯೇ ಇಲ್ಲ. ನಾನು ಮೇಲ್‌ನಲ್ಲಿ ಕೇಳಿಕೊಂಡಂತೆ ಇಂದು ಮಧ್ಯಾಹ್ನ ಅವರು ವಿಡಿಯೋ ಕರೆ ಮಾಡುತ್ತಾರೆ, ಮಾತಾಡಿ ಸಾಕು. ಮೇಟ್ರನ್ ಬಹಳ ಹೊತ್ತು ಯೋಚಿಸಿ ಒಪ್ಪಿದರು. ಷರತ್ತು ಒಂದು: ಕರೆ ಅವರ ಫೋನಿಗಲ್ಲ, ನನ್ನ ಫೋನಿಗೆ ಬರಬೇಕು. “ದುಡ್ಡು ಹೋದ್ರೆ ನಿನ್ನದು ಹೋಗಲಿ.”

ಕರೆ ಬಂತು. ಬೆಳ್ಳಿಗೂದಲಿನವರು ನಕ್ಕು ನಮಸ್ಕರಿಸಿದರು. ಮೇಟ್ರನ್ ನಗಲಿಲ್ಲ. ಮುಂದಿನ ಮಾತುಕತೆ ನಡೆದದ್ದು ಇಂಗ್ಲಿಷಿನಲ್ಲಿ. ಕನ್ನಡಕ್ಕೆ ತಂದದ್ದು ನಾನು, ಗಾಂಭೀರ್ಯ ಮಾತ್ರ ಮೂಲದ್ದು.

“ಮೊದಲು ನಿಮ್ಮ ಗುರುತಿನ ಚೀಟಿ ತೋರಿಸಿ.”

ಅವರು ತೋರಿಸಿದರು.

“ಇದು ಯಾರು ಬೇಕಾದರೂ ಮಾಡಿಸಬಹುದು. ನಿಮ್ಮ ಹಿಂದೆ ಏನಿದೆ? ಕ್ಯಾಮೆರಾ ತಿರುಗಿಸಿ.”

ಹಿಂದೆ ಔಷಧಿಯ ಟ್ರಾಲಿ ಇತ್ತು. ಮೇಟ್ರನ್ ಅದರ ಮೇಲಿನ ಡ್ರಾಯರ್ ತೆಗೆಸಿದರು. ಕೆಳಗಿನದನ್ನೂ ತೆಗೆಸಿದರು; ಎರಡರ ಒಳಗೂ ಕಲಸುಮೇಲೋಗರ. ಒಂದು ದೇಶದ ಹಿರಿಯ ಶುಶ್ರೂಷಕಿಯಿಂದ ಇನ್ನೊಂದು ದೇಶದ ಹಿರಿಯ ಶುಶ್ರೂಷಕಿ ಹೀಗೆ ತಪಾಸಣೆ ಮಾಡಿಸಿಕೊಂಡದ್ದು ಇತಿಹಾಸದಲ್ಲಿ ಮೊದಲಿರಬೇಕು. ಕೊನೆಗೆ ಮೇಟ್ರನ್ ನನ್ನ ಕಡೆ ತಿರುಗಿ ಕನ್ನಡದಲ್ಲಿ, “ನಿಜವಾದ ಆಸ್ಪತ್ರೇನೇ. ಕಳ್ಳರಾದ್ರೆ ಸೆಟ್ಟು ಹಾಕೋವಾಗ ಪ್ಲಾಸ್ಟರು ಬ್ಯಾಂಡೇಜೆಲ್ಲ ನೀಟಾಗಿ ಜೋಡಿಸಿಟ್ಟಿರ್ತಿದ್ರು,” ಎಂದರು.

ಇಷ್ಟರಲ್ಲಿ ಅತ್ತಲಿನವರು, ಅಭ್ಯರ್ಥಿ ದಯವಿಟ್ಟು ಹೊರಗೆ ಹೋಗಬೇಕು, ಕೋಣೆಯಲ್ಲಿ ಮೇಟ್ರನ್ ಒಬ್ಬರೇ ಇರಬೇಕು ಎಂದರು.

ಗಳಿಸಿದ್ದ ನಂಬಿಕೆಯೆಲ್ಲ ಅಲ್ಲೇ ಹೋಯಿತು. “ನೋಡಿದ್ಯಾ!” ಎಂದು ಮೇಟ್ರನ್ ಕುರ್ಚಿಯಿಂದ ಅರ್ಧ ಎದ್ದರು. “ಕೋಣೇಲಿ ಒಬ್ಳೇ ಇರು ಅಂತಾರೆ! ಡಿಜಿಟಲ್ ಅರೆಸ್ಟು ಅಂದ್ರೆ ಇದೇ! ಪೊಲೀಸ್ನವ್ರು ಬಂದು ನಮಗೆಲ್ಲ ಕ್ಲಾಸ್ ತಗೊಂಡಾಗ ಇದೇ ಹೇಳಿದ್ದು!”

ಕೊನೆಗೆ ಮಾವನ ಮಧ್ಯಸ್ಥಿಕೆಯಲ್ಲಿ ರಾಜಿಯಾಯಿತು. ನಾನು ಹೊರಗಿನ ಬೆಂಚಿನ ಮೇಲೆ, ಬಾಗಿಲು ತೆರೆದೇ, ಮಾವ ಹೊಸ್ತಿಲಲ್ಲಿ. ಹೀಗೆ ನಾನು ಕೇಳಬಾರದ್ದೆಲ್ಲ ನನಗೆ ಚೆನ್ನಾಗಿ ಕೇಳಿಸಿತು.

ಮೊದಲ ಪ್ರಶ್ನೆಗಳು ಸುಸೂತ್ರವಾಗಿ ಸಾಗಿದವು. ಸಮಯಕ್ಕೆ ಬರುತ್ತಿದ್ದಳೇ? ಬರುತ್ತಿದ್ದಳು. ರೋಗಿಗಳ ಜೊತೆ ಹೇಗೆ? ಚೆನ್ನಾಗಿ. ಬಳಿಕ ಆ ಪ್ರಶ್ನೆ ಬಂತು. ವೈದ್ಯರ ಅಪ್ಪಣೆಯಿಲ್ಲದೆ, ಸ್ವತಂತ್ರವಾಗಿ, ಈಕೆ ಏನಾದರೂ ಚಿಕಿತ್ಸೆ ಕೊಟ್ಟದ್ದುಂಟೇ?

ಒಳಗೆ ಕುರ್ಚಿ ಕಿರುಗುಟ್ಟಿತು. ಮೇಟ್ರನ್ ನೆಟ್ಟಗೆ ಕೂತಿರಬೇಕು. ತಮ್ಮ ಹುಡುಗಿಯ ಮೇಲೆ ಪರದೇಶದವರು ಹೊರಿಸಿದ ಆಪಾದನೆ ಅವರಿಗೆ ಅರ್ಥವಾಯಿತು.

“ಎಂದಿಗೂ ಇಲ್ಲ!” ದನಿ ವಾರ್ಡಿನ ಕೊನೆಯವರೆಗೂ ಮುಟ್ಟಿತು. “ಆರ್ಡರ್ ಇಲ್ಲದೆ ಒಂದು ಪ್ಯಾರಾಸಿಟಮಾಲ್ ಕೂಡ ಕೊಟ್ಟವಳಲ್ಲ! ಅಂಥ ಹುಡುಗಿಯೇ ಅಲ್ಲ. ಎಲ್ಲವೂ ಡಾಕ್ಟರು ಫೋನಿನಲ್ಲಿ ಹೇಳಿದಂತೆ. ದಾಖಲೆ ಇದೆ.”

“ಒಮ್ಮೆಯೂ ಇಲ್ಲವೇ?”

“ಒಮ್ಮೆಯೂ ಇಲ್ಲ. ನನ್ನ ಮಾತು ನಂಬಿ.”

ಹೊಸ್ತಿಲಿಂದ ಮಾವ ತಿರುಗಿ ನೋಡಿ ಹಲ್ಲು ಬಿಟ್ಟರು. “ಬೋ ಚೆಂದಾಗಿ ಏಳ್ತಾವ್ರೆ ಕಣವ್ವ. ಒಳ್ಳೇ ಎಂಗ್ಸು.”

“ಮಾವ, ಮುಗೀತು.”

“ಯಾಕೆ? ನಿನ್ನ ಮ್ಯಾಲೆ ಒಂದು ಕಪ್ಪುಚುಕ್ಕೆ ಇಲ್ಲ ಅಂದ್ರಲ್ಲ.”

“ಅವ್ರಿಗೆ ಬೇಕಿದ್ದಿದ್ದೇ ಆ ಕಪ್ಪು. ಯಾರನ್ನೂ ಕೇಳ್ದೆ ಕೊಡೋಳು ಬೇಕು ಅವ್ರಿಗೆ. ನಾನು ಕೊಟ್ಟಿದೀನಿ ಅಂತ ಅವ್ರ ಹತ್ರ ಹೇಳಿದೀನಿ. ಇವ್ರು ಇಲ್ಲ ಅಂದ್ಬಿಟ್ರು. ಈಗ ನಾನು ಸುಳ್ಳುಗಾತಿ.”

ಮಾವ ಇದನ್ನು ಮನಸ್ಸಿನಲ್ಲಿ ತೂಗಿದರು, ಇನ್ನೊಮ್ಮೆ ತೂಗಿದರು. “ಓಗಿ ಏಳ್ಲಾ?”

“ಬೇಡ. ನಾವು ಹೇಳಿಕೊಟ್ಟಿದ್ದು ಅಂತ ಆಗುತ್ತೆ.”

ಅದು ನಿಜವೂ ಆಗಿತ್ತು. ಒಳಗೆ ಹೋಗಿ ಒಂದು ಶಬ್ದ ಹೇಳಿದ್ದರೆ ಇಡೀ ಸಾಕ್ಷ್ಯವೇ ಬಿದ್ದುಹೋಗುತ್ತಿತ್ತು. ಬೆಂಚಿನ ಅಂಚನ್ನು ಹಿಡಿದು ಕೂತೆ. ಗೋಡೆಯ ಮೇಲಿನ ‘ನಿಶ್ಶಬ್ದ’ ಎಂಬ ಫಲಕವನ್ನು ಮಲಯಾಳಂನಲ್ಲಿ ಎಷ್ಟು ಸಲ ಓದಿದೆನೋ.

ಬಳಿಕ ಬೆಳ್ಳಿಗೂದಲಿನವರು, ಮುಗಿಸುವವರ ದನಿಯಲ್ಲಿ, ಎಲ್ಲರಿಗೂ ಕೇಳುವ ಕೊನೆಯ ಪ್ರಶ್ನೆಯನ್ನು ಕೇಳಿದರು. ಈಕೆಯ ಮೇಲೆ ಯಾವುದಾದರೂ ದೂರು, ಶಿಸ್ತುಕ್ರಮ?

ಕುರ್ಚಿ ಮತ್ತೆ ಕಿರುಗುಟ್ಟಿತು. ನನಗೆ ಅವರ ಸಂಕಟ ಗೊತ್ತಾಯಿತು. ಹುಡುಗಿಯನ್ನು ಕಾಯುವುದು ಅವರ ಕರ್ತವ್ಯ. ಆದರೆ ದೂರು ಇತ್ತೇ ಎಂದು ಕೇಳಿದಾಗ ಇಲ್ಲವೆಂದರೆ, ತಾವು ಅಷ್ಟು ಶ್ರದ್ಧೆಯಿಂದ ಬೈದ ಬೈಗುಳವೆಲ್ಲ ಬೈದೇ ಇಲ್ಲವೆಂದಂತೆ. ಅದನ್ನು ಒಪ್ಪಲು ಅವರ ವೃತ್ತಿಗೌರವ ಬಿಡದು.

“ಒಂದಿದೆ,” ಎಂದರು, ದನಿ ತಗ್ಗಿಸಿ.

“ಹೇಳಿ,” ಎಂದಿತು ಅತ್ತಲಿನ ದನಿ.

“ಮೆಣಸು ಕೊಯ್ಯುವವನೊಬ್ಬನಿಗೆ ಕಡಜ ಕಚ್ಚಿತ್ತು. ಏಣಿಯ ಮೇಲಿದ್ದಾಗಲೇ ಗೂಡು ಒಡೆದು ಮುತ್ತಿದ್ದವು. ಜೀಪಿನಲ್ಲಿ ತಂದಾಗ ತುಟಿ, ನಾಲಗೆ ಊದಿ, ಉಸಿರಿಗೆ ಶಿಳ್ಳೆ ಹೊಡೆದಂತೆ ಸದ್ದು. ಡಾಕ್ಟರು ಊಟಕ್ಕೆ ಹೋಗಿದ್ದರು. ನಾನು ಫೋನ್ ಮಾಡುತ್ತಿದ್ದೆ, ಸಿಗುತ್ತಿರಲಿಲ್ಲ. ಸ್ವಲ್ಪ ಕಾಯು ಎಂದು ಹೇಳಿದೆ. ನಾನೇ ಹೇಳಿದೆ. ನಾನು ತಿರುಗಿ ನೋಡುವಷ್ಟರಲ್ಲಿ ಈ ಹುಡುಗಿ ಅಡ್ರಿನಲಿನ್ ಇಂಜೆಕ್ಷನ್ ಕೊಟ್ಟಾಗಿತ್ತು.”

“ಎಲ್ಲಿಗೆ?”

“ತೊಡೆಗೆ. ಹೊರಬದಿಗೆ. ಪ್ಯಾಂಟಿನ ಮೇಲಿಂದಲೇ! ಅವನಿಗೆ ಆಕ್ಸಿಜನ್ ಹಾಕಿ, ಕಾಲು ಎತ್ತರಿಸಿ, ಸಾಲದೆಂದು ಸ್ವಲ್ಪ ಹೊತ್ತಿನ ಮೇಲೆ ಎರಡನೆಯದನ್ನೂ ಕೊಟ್ಟಳು. ನಾನು ಅಲ್ಲೇ ನಿಂತು ಬೇಡ ಬೇಡ ಎನ್ನುತ್ತಿದ್ದೆ. ನನ್ನ ಮುಖ ಕೂಡ ನೋಡಲಿಲ್ಲ.”

“ರೋಗಿ?”

“ಅವನಿಗೇನು, ಗಟ್ಟಿಯಾಗಿದ್ದಾನೆ. ಪ್ರಶ್ನೆ ಅದಲ್ಲ. ಶಿಸ್ತು. ನಾನು ಒಂದು ವಾರ ಅವಳ ಜೊತೆ ಮಾತಾಡಲಿಲ್ಲ. ದಾಖಲೆಯಲ್ಲಿ ಮಾತ್ರ ಡಾಕ್ಟರು ಫೋನಿನಲ್ಲಿ ಹೇಳಿದರು ಎಂದು ನಾನೇ ಬರೆಸಿದೆ. ಇಲ್ಲದಿದ್ದರೆ ಹುಡುಗಿಯ ಕೆಲಸ ಹೋಗುತ್ತಿತ್ತು.”

ಒಮ್ಮೆ ಬಾಯಿಬಿಟ್ಟ ಮೇಲೆ ಮೇಟ್ರನ್‌ಗೆ ತಡೆಯಲಾಗಲಿಲ್ಲ. ಫಿಟ್ಸ್ ಬಂದ ಮಗುವಿಗೆ ನಾನು ಯಾರನ್ನೂ ಕೇಳದೆ ಇಂಜೆಕ್ಷನ್ ಕೊಟ್ಟದ್ದು, ಎದೆನೋವೆಂದು ಬಂದವನಿಗೆ ಡಾಕ್ಟರು ಬರುವ ಮೊದಲೇ ಇಸಿಜಿ ತೆಗೆದು ದೊಡ್ಡಾಸ್ಪತ್ರೆಗೆ ಆಂಬುಲೆನ್ಸ್ ಹೊರಡಿಸಿಬಿಟ್ಟದ್ದು, ಎಲ್ಲವೂ ಹೊರಬಂತು. ವರ್ಷಗಟ್ಟಲೆ ಹೊಟ್ಟೆಯಲ್ಲಿಟ್ಟುಕೊಂಡ ಅಪರಾಧಗಳು. ಒಂದೊಂದಕ್ಕೂ ಅತ್ತಲಿನವರು, “ಆಮೇಲೆ?” ಎನ್ನುತ್ತಿದ್ದರು. ಅವರ ದನಿ ಸಣ್ಣಗೆ ಬದಲಾಗಿತ್ತು. ಬೆಂಚಿನಿಂದ ಕೇಳುವಾಗ ಅದು ಮೆಚ್ಚುಗೆಯೋ, ಪೊಲೀಸ್ ಠಾಣೆಗೆ ತಿಳಿಸುವ ಮೊದಲಿನ ತಾಳ್ಮೆಯೋ ಹೇಳುವಂತಿರಲಿಲ್ಲ.

“ಆದರೆ ನೀವು ಮೊದಲು, ಒಮ್ಮೆಯೂ ಇಲ್ಲ ಎಂದಿರಲ್ಲ?”

“ಮೊದಲು ನೀವು ಅವಳ ಮೇಲೆ ಆಪಾದನೆ ಹೊರಿಸಿದಿರಿ. ಈಗ ನನ್ನ ಹತ್ತಿರ ದೂರು ಕೇಳಿದಿರಿ. ಎರಡೂ ಬೇರೆ.”

ಅತ್ತ ಕೆಮ್ಮಿದ ಸದ್ದು. ನಗುವಾಗಿರಲಿಕ್ಕೂ ಸಾಕು. ಧನ್ಯವಾದ ಹೇಳಿ ಕರೆ ಮುಗಿಸಿದರು.

ಮೇಟ್ರನ್ ಹೊರಗೆ ಬಂದರು. ಕನ್ನಡಕ ಕೈಯಲ್ಲಿತ್ತು. “ಮೋಳೇ, ತಪ್ಪಾಯ್ತು. ನಾನು ಎಲ್ಲಾ ಹೇಳ್ಬಿಟ್ಟೆ. ಆ ಹೆಂಗಸು ಅಷ್ಟು ಮರ್ಯಾದೆಯಿಂದ ಕೇಳ್ತು. ಕೆಲಸ ಹೋಯ್ತು ಅನ್ಸುತ್ತೆ.”

ನಾನು ಅವರ ಕೈ ಹಿಡಿದೆ. ಹೇಳಿದ್ದು ಒಳ್ಳೆಯದೇ ಆಯಿತು ಎಂದೆ. ಅವರು ನಂಬಲಿಲ್ಲ. “ಸಮಾಧಾನ ಮಾಡಬೇಡ” ಎಂದು ಗದರಿದರು. ಕ್ಯಾಂಟೀನಿನಿಂದ ಮೂವರಿಗೂ ಟೀ, ಪಳಂಪೊರಿ ತರಿಸಿದರು. ಮಾವ ಬಾಳೆಹಣ್ಣಿನ ಆ ಬಜ್ಜಿಯನ್ನು ಮುರಿದು ಒಳಗೆ ನೋಡಿ ತಿಂದರು.

ಬಸ್ಸಿನಲ್ಲಿ ಮಾವ ಟಿಕೆಟಿನ ಚಿಲ್ಲರೆಯನ್ನು ಎರಡು ಸಲ ಎಣಿಸಿ, “ಆ ಎಂಗ್ಸು ಬೇಕಂತ್ಲೇ ಅಂಗೆ ಏಳ್ತು ಕಣವ್ವ,” ಎಂದರು.

“ಬೇಕಂತ ಅಂದ್ರೆ?”

“ನಾವು ಅಲ್ಲಿ ಮಾತಾಡಿದ್ದು ಒಳೀಕೆ ಕೇಳ್ಸಿರ್ತದೆ. ಬಾಕ್ಲು ತೆಗ್ದಿತ್ತು. ಕನ್ನಡ ಬತ್ತದೆ. ಒಗಳಿದ್ರೆ ಅವ್ರು ನಂಬಕಿಲ್ಲ, ಬೈದ್ರೆ ನಂಬ್ತಾರೆ ಅಂತ ಬೈತು.”

ನಾನು ನಕ್ಕುಬಿಟ್ಟೆ. ಆದರೆ ಆ ಸಂಶಯ ಅಂದಿನಿಂದ ನನ್ನಲ್ಲೂ ಕೂತಿದೆ. ಇಂಗ್ಲೆಂಡಿಗೆ ಹೊರಡುವ ಮೊದಲು ಅಮ್ಮನ ಫೋನಿನಿಂದ ಮೇಟ್ರನ್‌ಗೆ ಕರೆ ಮಾಡಿ ನೇರವಾಗಿ ಕೇಳಿದೆ. ಅವರು, “ನೀನು ಯಾರು ಮಾತಾಡೋದು?” ಎಂದು ಕೇಳಿ ಇಟ್ಟುಬಿಟ್ಟರು.

ಆ ವಾರದ ಕೊನೆಯಲ್ಲಿ ಮೇಲ್ ಬಂತು. ಹುದ್ದೆ ನನಗೆ ಸಿಕ್ಕಿತು. ಮೊದಲ ಆರು ತಿಂಗಳು ಒಬ್ಬ ಹಿರಿಯರ ಮೇಲ್ವಿಚಾರಣೆಯಲ್ಲಿ ಕೆಲಸ ಮಾಡಬೇಕೆಂಬ ಷರತ್ತಿನ ಮೇಲೆ.